ಬಲಗಡೆಯಿಂದ ಶುರುವಾಗುವ ಕಥೆ

ಜೂನ್ 16, ರವಿವಾರ

ಇನ್ನು ಅರವತ್ತು ದಿನ.

ಆಗಸ್ಟ್ ಹದಿನೈದರವರೆಗೆ ತಡೆದುಕೊಂಡರೆ ಸಾಕು, ಆಮೇಲೂ ಬೇಡ ಅನ್ನಿಸಿದರೆ ತಾನೇ ಬಂದು ಕರೆದುಕೊಂಡು ಹೋಗುವುದಾಗಿ ಅಪ್ಪ ಮಾತು ಕೊಟ್ಟಿದ್ದಾನೆ. ಔರಾದಿನ ಕಾಲೇಜಿನಲ್ಲಿ ಆರ್ಟ್ಸ್ ತೆಗೆದುಕೊಂಡು ದಿನಾ ಮನೆಯಿಂದಲೇ ಹೋಗಿಬರುತ್ತೇನೆ. ಈ ಬೀದರ, ಈ ನೌಬಾದ, ಈ ಹಾಸ್ಟೆಲು, ಈ ಫಿಸಿಕ್ಸು ಯಾವುದೂ ನನಗೆ ಬೇಡ. ಹತ್ತನೇ ತರಗತಿಯಲ್ಲಿ ತಾಲೂಕಿಗೆ ಮೂರನೆಯವಳಾಗಿ ಬಂದದ್ದೇ ತಪ್ಪಾಯಿತು. ನಾಲ್ಕು ಮಾರ್ಕು ಕಡಿಮೆ ಬಿದ್ದಿದ್ದರೆ ಈಗ ಅವ್ವನ ಪಕ್ಕ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದೆ.

ಹಾಸ್ಟೆಲು ಒಂದು ಟ್ರಸ್ಟಿನದು, ಊಟ ವಸತಿ ಪುಕ್ಕಟೆ. ನಲವತ್ತು ಹುಡುಗಿಯರಿದ್ದೇವೆ. ವಾರ್ಡನ್ ಶಾಂತಾಬಾಯಿ ಎಲ್ಲರನ್ನೂ ಪೋರಿ ಎಂದೇ ಕರೆಯುತ್ತಾರೆ, ಆದ್ದರಿಂದ ಒಬ್ಬಳನ್ನು ಕರೆದರೆ ಹತ್ತು ಜನ ತಿರುಗಿ ನೋಡುತ್ತಾರೆ. ಬಂದ ದಿನವೇ ನಿಯಮ ಓದಿ ಹೇಳಿದರು. ಹೋದ ವರ್ಷ ಒಬ್ಬ ಹುಡುಗಿಯ ದಿಂಬಿನ ಕೆಳಗೆ ಹುಡುಗನೊಬ್ಬ ಬರೆದ ಒಂದೇ ಒಂದು ಚೀಟಿ ಸಿಕ್ಕಿತ್ತಂತೆ. ಮಧ್ಯಾಹ್ನದ ಬಸ್ಸಿಗೆ ಅವಳನ್ನು ಟ್ರಂಕು ಸಮೇತ ಮನೆಗೆ ಕಳಿಸಿದರಂತೆ. ನನಗೇನು ಅದರ ಭಯವಿಲ್ಲ. ನನಗೆ ಚೀಟಿ ಬರೆಯುವವರು ಹುಟ್ಟಬೇಕಷ್ಟೆ.

ನನ್ನ ಕೋಣೆಯಲ್ಲಿರುವ ಇನ್ನೊಬ್ಬಳು ಭಾಲ್ಕಿಯ ಅನುಗ್ರಹ. ಅವಳ ತಾಯಿ ರೂತ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ತಂದೆ ಇಲ್ಲ. ಈ ಹುಡುಗಿ ಮಾತಾಡುವುದಿಲ್ಲ, ನೋಡುತ್ತಾಳೆ. ನಾನು ತಲೆ ಬಾಚಿಕೊಂಡರೆ ನೋಡುತ್ತಾಳೆ, ಅತ್ತರೆ ನೋಡುತ್ತಾಳೆ. ಎದುರಿಗಿರುವವರನ್ನು ಹಾಗೆ ಎವೆಯಿಕ್ಕದೆ ನೋಡಬಾರದು ಎಂದು ಭಾಲ್ಕಿಯಲ್ಲಿ ಯಾರೂ ಹೇಳಿಕೊಡಲಿಲ್ಲವೇನೋ.

ಜೂನ್ 23, ರವಿವಾರ

ಐವತ್ತಮೂರು ದಿನ. ಆದರೆ ಇವತ್ತು ಬರೆಯಬೇಕಾದದ್ದು ಅದಲ್ಲ.

ಅನುಗ್ರಹ ಬಟ್ಟೆ ಒಗೆಯಲು ಹೋಗಿದ್ದಳು. ಅವಳ ಬಯಾಲಜಿ ರೆಕಾರ್ಡು ಮಂಚದ ಮೇಲಿತ್ತು. ಹೂವಿನ ಭಾಗಗಳ ಚಿತ್ರ ನೋಡಿ ಬರೆದುಕೊಳ್ಳೋಣವೆಂದು ತೆಗೆದೆ. ಕಳ್ಳತನವಲ್ಲ, ಹೂವು ನನಗೆ ನೆಟ್ಟಗೆ ಬರುವುದಿಲ್ಲ. ಒಳಗೆ ಹೂವಿರಲಿಲ್ಲ. ಒಬ್ಬ ಹುಡುಗಿ ಇದ್ದಳು.

ಪುಟವನ್ನು ಸ್ಕೇಲಿನಿಂದ ಐದಾರು ಚೌಕ ಮಾಡಿ, ಒಂದೊಂದು ಚೌಕದಲ್ಲೂ ಅದೇ ಹುಡುಗಿಯನ್ನು ಬರೆದಿದ್ದಾಳೆ. ಒಂದರಲ್ಲಿ ಪೂರ್ತಿ ನಿಂತಿದ್ದಾಳೆ, ಒಂದರಲ್ಲಿ ಕಣ್ಣು ಮಾತ್ರ, ಒಂದರಲ್ಲಿ ಟ್ರಂಕು ಹಿಡಿದ ಕೈ ಮಾತ್ರ. ಕಣ್ಣು ಮುಖದ ಅರ್ಧದಷ್ಟಿದೆ. ಅಷ್ಟು ದೊಡ್ಡ ಕಣ್ಣು ಮನುಷ್ಯರಿಗೆ ಇರುವುದಿಲ್ಲ. ಆದರೂ ಆ ಕಣ್ಣನ್ನು ನೋಡಿದ ಕೂಡಲೇ ಈ ಹುಡುಗಿಗೆ ಮನೆ ನೆನಪಾಗಿದೆ ಎಂದು ನನಗೆ ತಿಳಿಯಿತು. ಎಲ್ಲೂ ಒಂದು ಅಕ್ಷರವಿಲ್ಲ, ಆದರೂ ತಿಳಿಯಿತು. ಬರೀ ಎಚ್‌ಬಿ ಪೆನ್ಸಿಲ್ಲಿನಲ್ಲಿ, ನನ್ನ ಹತ್ತಿರವೂ ಇರುವ ಐದು ರೂಪಾಯಿಯ ಪೆನ್ಸಿಲ್ಲಿನಲ್ಲಿ, ಇದನ್ನು ಹೇಗೆ ಮಾಡುತ್ತಾಳೆ?

ಅವಳು ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ.

"ಉಲ್ಟಾ ಹಿಡ್ದೀದಿ" ಅಂದಳು. "ಅದು ಬಲಗಡಿಂದ ಓದಬೇಕು. ಮಾಂಗಾ ಅದು."

"ಮಂಗ?"

"ಮಂಗ ಅಲ್ಲ, ಮಾಂಗಾ. ಜಪಾನಿನ ಮಂದಿ ಹಿಂಗ ಕಥಿ ಬರೀತಾರ. ಹೈದರಾಬಾದದ ಅಕ್ಕ ಎರಡು ಪುಸ್ತಕ ಕೊಟ್ಟಿದ್ಳು. ಅವೆಲ್ಲಾ ಬಲಗಡಿಂದೇ ಸುರು ಆಗ್ತಾವ."

"ಉರ್ದುನಂಗ?"

"ಹೂಂ, ಉರ್ದುನಂಗ."

ರೆಕಾರ್ಡನ್ನು ತಿರುಗಿಸಿ ಹಿಂದಿನ ರಟ್ಟಿನಿಂದ ತೆರೆದೆ. ಚೌಕಗಳನ್ನು ಬಲದಿಂದ ಎಡಕ್ಕೆ ನೋಡಿದೆ. ಹುಡುಗಿ ಒಂದು ಹಾಸ್ಟೆಲಿನ ಗೇಟಿನ ಮುಂದೆ ಬಂದು ನಿಲ್ಲುತ್ತಾಳೆ. ಅಲ್ಲಿಗೆ ಪುಟ ಮುಗಿದಿದೆ. ಮುಂದೇನು ಎಂದು ಕೇಳಿದರೆ ತನಗೇ ಗೊತ್ತಿಲ್ಲ ಅಂದಳು.

ಜುಲೈ 7, ರವಿವಾರ

ಊಟವಾದ ಮೇಲೆ ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಕೂಡುತ್ತೇವೆ. ಅವಳು ಬರೆಯುತ್ತಾಳೆ, ನಾನು ನೋಡುತ್ತೇನೆ. ಈಗ ನೋಡುವ ಸರದಿ ನನ್ನದು.

ಮೊದಲು ಮುಖಕ್ಕೆ ಒಂದು ಗುಂಡು. ಅದರ ಮೇಲೊಂದು ಅಡ್ಡ ಗೆರೆ, ಒಂದು ಉದ್ದ ಗೆರೆ. ಇಷ್ಟನ್ನು ನಾನೂ ಮಾಡಬಲ್ಲೆ. ಆಮೇಲೆ ಏನೋ ಆಗುತ್ತದೆ. ಅಲ್ಲಿ ಯಾರೂ ಇರಲಿಲ್ಲ, ಈಗ ಯಾರೋ ಇದ್ದಾರೆ. ಎಷ್ಟು ಸಲ ನೋಡಿದರೂ ಆ ಗಳಿಗೆ ನನ್ನ ಕಣ್ಣಿಗೆ ಸಿಗುವುದಿಲ್ಲ.

ಕಥೆ ಈಗ ಮೂರು ಪುಟಕ್ಕೆ ಬಂದಿದೆ. ಹುಡುಗಿಗೆ ಪೂನಮ ಎಂದು ಹೆಸರಿಟ್ಟೆವು. ಹುಡುಗ ಪಕ್ಕದ ಹಾಸ್ಟೆಲಿನವನು, ಉತ್ತಮ. ಎರಡು ಹಾಸ್ಟೆಲಿಗೆ ಒಂದೇ ಗೋಡೆ. ಅವರಿಬ್ಬರಿಗೂ ಒಂದೇ ಬಸ್ ಸ್ಟಾಪು. ಆದರೆ ಮಾತಿನ ಗುಳ್ಳೆಗಳೆಲ್ಲ ಖಾಲಿ.

"ನಂಗ ಮಾತು ಬರಲ್ಲ" ಅಂದಳು ಅನುಗ್ರಹ. "ನೀ ಬರಿ."

"ನಾ ಹ್ಯಾಂಗ ಬರೀಲಿ?"

"ದಿನಾ ಆ ವಹಿದಾಗ ಏನೋ ಗೀಚ್ತಿ ಅಲ್ಲಾ. ಹಂಗೇ ಬರಿ."

ಈ ದಿನಚರಿಯನ್ನು ಅವಳು ನೋಡಿಬಿಟ್ಟಿದ್ದಾಳೆ. ಓದಿಲ್ಲವಂತೆ. ಅವಳ ಮಾತನ್ನು ನಂಬಬಹುದು, ಸುಳ್ಳು ಹೇಳುವುದಕ್ಕೂ ಸ್ವಲ್ಪ ಮಾತು ಬರಬೇಕಲ್ಲ.

ಮೊದಲನೇ ಪುಟದ ಗುಳ್ಳೆಯಲ್ಲಿ, ಗೇಟಿನ ಮುಂದೆ ನಿಂತ ಪೂನಮಳ ಬಾಯಿಗೆ ಒಂದು ಮಾತು ಬೇಕಿತ್ತು. ಹೆಚ್ಚು ಯೋಚಿಸಲಿಲ್ಲ. "ನಾ ಮನಿಗಿ ಹೋಗ್ತೇನಿ. ಇಲ್ಲಿ ನಂದಂಬೋರು ಯಾರೂ ಇಲ್ಲ" ಎಂದು ಬರೆದೆ. ಅನುಗ್ರಹ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದರ ಮೇಲೆಯೇ ಕರಿ ಪೆನ್ನಿನಲ್ಲಿ ತಿದ್ದಿದಳು. ಅಲ್ಲಿಯತನಕ ಚಿತ್ರದಲ್ಲಿದ್ದ ಹುಡುಗಿ ಈಗ ಮಾತಾಡಿದಳು. ನನ್ನ ಅಕ್ಷರಕ್ಕೆ ಇಂಥದ್ದೊಂದು ಶಕ್ತಿ ಇದೆಯೆಂದು ನನಗೆ ಯಾವ ಮಾಸ್ತರೂ ಹೇಳಿರಲಿಲ್ಲ.

ಮೂವತ್ತೊಂಬತ್ತು ದಿನ.

ಜುಲೈ 16, ಮಂಗಳವಾರ

ಬಸ್ಸಿನಲ್ಲಿ ಕಂಪಾಸು ಪೆಟ್ಟಿಗೆ ಮರೆತುಬಂದಿದ್ದೆ. ನಮ್ಮ ಕ್ಲಾಸಿನ ಸ್ವಪ್ನಿಲ ಎಂಬುವನು ಇವತ್ತು ತಂದುಕೊಟ್ಟ. ಎಲ್ಲರೆದುರಿಗೆ ಬೆಂಚಿನ ಹತ್ತಿರ ಬಂದು, ನನ್ನ ಮುಖವನ್ನೂ ನೋಡದೆ, "ತಗೋರಿ, ಇದು ನಿಮ್ದು" ಅಂದ. ತಿರುಗಿ ಹೋಗುವಾಗ ಡೆಸ್ಕಿಗೆ ಮೊಣಕಾಲು ಬಡಿದುಕೊಂಡ. ಹುಡುಗಿಯರು ನಕ್ಕರು. ಹದಿನಾರು ವರ್ಷದವನು ಹದಿನಾರು ವರ್ಷದವಳಿಗೆ ರೀ ಹಚ್ಚುತ್ತಾನೆ, ನಾನೇನು ತಹಸೀಲ್ದಾರಳೇ?

ಅನುಗ್ರಹಳಿಗೆ ಹೇಳಿದರೆ ಅವಳು ನಗಲಿಲ್ಲ. ನಾಲ್ಕನೇ ಪುಟ ಸಿಕ್ಕಿತು ಅಂದಳು.

ಜುಲೈ 21, ರವಿವಾರ

ಇವತ್ತು ಒಂದು ಸಂಗತಿ ಕಂಡುಹಿಡಿದೆ.

ಏಳು ಪುಟಗಳವರೆಗೆ ಉತ್ತಮ ಪೂನಮಳಿಗೆ ರೀ ಅನ್ನುತ್ತಾನೆ, ಅವಳೂ ಅವನಿಗೆ ರೀ ಅನ್ನುತ್ತಾಳೆ. "ಬಸ್ ಹೋತೇನ್ರಿ?" "ಇನ್ನಾ ಬಂದಿಲ್ರಿ." ನಮ್ಮ ಕಡೆ ಯಾರು ಯಾರಿಗೆ ರೀ ಅನ್ನುವುದಿಲ್ಲ? ಕಂಡಕ್ಟರಿಗೆ, ಕಾಯಿಪಲ್ಲೆಯವಳಿಗೆ, ಸಿಟ್ಟು ಬಂದರೆ ಜಗಳಾಡುವವರಿಗೂ ರೀ ಹಚ್ಚಿಯೇ ಬೈಯುತ್ತೇವೆ. ಎಂಟನೇ ಪುಟದಲ್ಲಿ ಪೂನಮಳಿಗೆ ಜ್ವರ ಬಂದು ಎರಡು ದಿನ ಬಸ್ ಸ್ಟಾಪಿಗೆ ಬಂದಿರುವುದಿಲ್ಲ. ಒಂಬತ್ತನೇ ಪುಟದಲ್ಲಿ, ಮೂರನೇ ದಿನ ಅವಳನ್ನು ನೋಡಿ ಉತ್ತಮ ಏನು ಹೇಳಬೇಕು? ನಾಲ್ಕು ಸಲ ಬರೆದು ಹರಿದೆ. ಒಂದು ಉದ್ದ, ಇನ್ನೊಂದು ಭಾಷಣ. ಕೊನೆಗೆ ಎರಡೇ ಶಬ್ದ ಬರೆದೆ.

"ನೀ ಉಂಡೀ?"

ರೀ ಬಿಟ್ಟುಹೋಯಿತು. ಬರೆದ ಮೇಲೆ ನನ್ನ ಕಿವಿ ಬಿಸಿಯಾದವು. ಅವನು ಕೈ ಹಿಡಿದಿಲ್ಲ, ಹಾಡು ಹೇಳಿಲ್ಲ, ಉಂಡೆಯಾ ಎಂದು ಕೇಳಿದನಷ್ಟೆ. ಒಂದು ಅಕ್ಷರ ಬಿಟ್ಟರೆ ಅಷ್ಟು ಹತ್ತಿರ ಬರಬಹುದೇ? ದಿನಕ್ಕೆ ಸಾವಿರ ಸಲ ಬಾಯಲ್ಲಿ ಓಡಾಡುವ ಈ ಚಿಕ್ಕ ಅಕ್ಷರದ ಹಿಂದೆ ಇಷ್ಟು ದೊಡ್ಡದೊಂದು ಅಡಗಿ ಕೂತಿತ್ತು, ನಾನು ನೋಡಿರಲೇ ಇಲ್ಲ.

ಅನುಗ್ರಹ ಆ ಪುಟದ ಉಳಿದ ಚೌಕಗಳನ್ನೆಲ್ಲ ಅಳಿಸಿಬಿಟ್ಟಳು. ಪುಟದ ತುಂಬ ಇಬ್ಬರ ಮುಖ, ನಡುವೆ ಆ ಗುಳ್ಳೆ. ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು. ಕೆಳಗೆ ಶಾಂತಾಬಾಯಿ ಯಾವುದೋ ಪೋರಿಯನ್ನು ಕರೆಯುತ್ತಿದ್ದರು, ನಾವು ಹೋಗಲಿಲ್ಲ.

ಆಗಸ್ಟ್ 3, ಶನಿವಾರ

ಕೆಮಿಸ್ಟ್ರಿ ಟೆಸ್ಟು ಚೆನ್ನಾಗಿ ಆಯಿತು. ಹತ್ತು, ಹನ್ನೊಂದನೇ ಪುಟ ಮುಗಿದವು. ಪುಂಡಿಪಲ್ಲೆ ಮಾಡಿದ್ದರು, ಎರಡು ಸಲ ಹಾಕಿಸಿಕೊಂಡೆ. ಹೆಚ್ಚಿಗೆ ಬರೆಯಲು ಹೊತ್ತಿಲ್ಲ.

ಆಗಸ್ಟ್ 15, ಗುರುವಾರ

ಕಾಲೇಜಿನಿಂದ ನಮ್ಮನ್ನು ಕೋಟೆಗೆ ಕರೆದುಕೊಂಡು ಹೋಗಿದ್ದರು. ಕೊನೆಯ ಪುಟಕ್ಕೆ ಕೋಟೆಯ ಗೋಡೆ ಬೇಕಿತ್ತು, ಆದ್ದರಿಂದ ಅನುಗ್ರಹ ರಫ್ ವಹಿ ತಂದಿದ್ದಳು. ಆ ಕೆಂಪು ಕಲ್ಲಿನ ಮುಂದೆ ಅವಳು ಅಂಗೈಯಗಲದ ಹಾಳೆ ಹಿಡಿದು ಕೂತಳು. ಅಷ್ಟು ದೊಡ್ಡ ಕೋಟೆ ಅದರಲ್ಲಿ ಹೇಗೆ ಹಿಡಿದೀತು ಅಂದುಕೊಂಡೆ. ಅವಳು ಕೋಟೆಯನ್ನೇ ಬರೆಯಲಿಲ್ಲ. ಮೂರು ಕಲ್ಲು, ಒಂದು ಬಿರುಕು, ಬಿರುಕಿನಲ್ಲಿ ಹುಟ್ಟಿದ ಹುಲ್ಲು. ನೋಡಿದರೆ ಇಡೀ ಕೋಟೆ ಅಲ್ಲಿತ್ತು.

ಸ್ವಪ್ನಿಲನೂ ಬಂದಿದ್ದ. ಗೋಡೆಯ ಮೇಲೆ ನಮ್ಮಿಂದ ಮೂರು ಮಾರು ದೂರದಲ್ಲಿ ಕೂತು ಶೇಂಗಾ ತಿಂದ. ಅರ್ಧ ಪೊಟ್ಟಣ ನಮ್ಮ ಕಡೆ ಸರಿಸಿದ. ಇದನ್ನು ಯಾಕೆ ಬರೆದೆನೋ.

ಅಪ್ಪ ಹಾಸ್ಟೆಲಿಗೆ ಫೋನ್ ಮಾಡಿದ್ದನಂತೆ. ಏನೋ ಕೇಳುವುದಿತ್ತಂತೆ. ಏನಿತ್ತೋ, ನೆನಪು ಮಾಡಿಕೊಂಡು ನಾಳೆ ಮಾಡಬೇಕು.

ಆಗಸ್ಟ್ 18, ರವಿವಾರ

ಮುಗಿಯಿತು. ಹದಿನಾಲ್ಕು ಪುಟ.

ಕೊನೆಯ ಪುಟದಲ್ಲಿ ಪೂನಮ, ಉತ್ತಮ ಇಬ್ಬರೂ ಕೋಟೆಯ ಗೋಡೆಯ ಮೇಲೆ ಕೂತಿದ್ದಾರೆ. ಅವರ ಕಿರುಬೆರಳುಗಳು ಒಂದಕ್ಕೊಂದು ತಾಗಿವೆ. "ನಾಳಿ ಬರ್ತಿ?" "ಬರ್ತೇನಿ." ಅಷ್ಟೇ.

ಆಗಸ್ಟ್ 24, ಶನಿವಾರ

ಎಲ್ಲ ಹಾಳಾಗುತ್ತಿತ್ತು, ಆಗಲಿಲ್ಲ. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಟ್ರಸ್ಟಿನ ಕಾರ್ಯದರ್ಶಿ ಕಾಶೀರಾಮ ಸರ್ ಕೋಣೆಗಳ ತಪಾಸಣೆಗೆ ಬಂದರು. ರಿಟೈರಾದ ಹೆಡ್‌ಮಾಸ್ತರರು, ಯಾರನ್ನು ನೋಡಿದರೂ ಹೋಂವರ್ಕ್ ಕೇಳುವ ಮುಖ. ಅವರ ಹಿಂದೆ ಶಾಂತಾಬಾಯಿ. ಅನುಗ್ರಹಳ ಹಾಸಿಗೆ ಎತ್ತಿದ ಕೂಡಲೇ ರೆಕಾರ್ಡು ಕೆಳಗೆ ಬಿತ್ತು, ಬಿದ್ದದ್ದು ತೆರೆದುಕೊಂಡೇ ಬಿತ್ತು.

ಇಬ್ಬರನ್ನೂ ಆಫೀಸಿಗೆ ಕರೆದರು. ಅನುಗ್ರಹಳ ತುಟಿ ಬಿಳುಚಿದ್ದವು. ನನಗೆ ಅವಳ ತಾಯಿ ನೆನಪಾದಳು. ಈ ಪುಕ್ಕಟೆ ಸೀಟು ಹೋದರೆ ಬೀದರದಲ್ಲಿ ಇಟ್ಟು ಓದಿಸುವ ಶಕ್ತಿ ಆಕೆಗಿಲ್ಲ. ಅನುಗ್ರಹಳ ಓದು ಇವತ್ತಿಗೇ ನಿಲ್ಲುತ್ತದೆ. ಸೀಟು ಹೋದರೆ ನನಗೂ ಅಷ್ಟೇ, ಆದರೆ ನನಗೆ ಮೊದಲು ಹೊಳೆದದ್ದು ಅವಳಿಲ್ಲದ ಕೋಣೆ.

"ಏನಿದು ಮಂಗನಾಟ?" ಅಂದರು ಕಾಶೀರಾಮ ಸರ್.

"ಮಾಂಗಾ ರೀ ಸರ್" ಅಂದಳು ಅನುಗ್ರಹ. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು.

ಶಾಂತಾಬಾಯಿ ರೆಕಾರ್ಡನ್ನು ತಾವೇ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಪುಟ ತೆರೆದು ಸರ್ ಕೈಗೆ ಕೊಟ್ಟರು. "ಪೂರಾ ಓದ್ರಿ ಸರ್. ಅರ್ಧಾ ನೋಡಿ ಏನ ತಿಳೀತದ?"

ತೆರೆದದ್ದು ಎಡಗಡೆಯಿಂದ. ಕನ್ನಡ ಪುಸ್ತಕ ತೆರೆಯುವ ಹಾಗೆ.

ಕಾಶೀರಾಮ ಸರ್ ಪಾಠದ ದನಿಯಲ್ಲಿ ಗಟ್ಟಿಯಾಗಿ ಓದತೊಡಗಿದರು. ಚೌಕಗಳನ್ನೂ ಎಡದಿಂದಲೇ ಹಿಡಿದರು. ಮೊದಲು ಕೋಟೆಯ ಗೋಡೆ. "ಬರ್ತೇನಿ." "ನಾಳಿ ಬರ್ತಿ?" ಬೆರಳಿಗೆ ಬೆರಳು ತಾಗಿದ್ದನ್ನು ನೋಡಿ ಮುಖ ಕೆಂಪಾಯಿತು. "ಈ ಪೋರ ಯಾರು?" ಎಂದು ನನ್ನನ್ನೇ ಕೇಳಿದರು. ಯಾರೂ ಅಲ್ರಿ, ಚಿತ್ರ ರೀ, ಎಂದೆ. ದನಿ ಯಾಕೋ ಒಡೆಯಿತು. ಅವರು ಪುಟ ತಿರುಗಿಸುತ್ತ ಹೋದರು. "ನೀ ಉಂಡೀ?" ಮುಂದಿನ ಪುಟದಲ್ಲಿ ಪೂನಮ ಬಸ್ ಸ್ಟಾಪಿನಲ್ಲಿಲ್ಲ. ಅದರ ಮುಂದೆ ಇಬ್ಬರೂ ಬಸ್ ಸ್ಟಾಪಿನಲ್ಲಿದ್ದಾರೆ, ಆದರೆ ಅವನು ರೀ ಅನ್ನುತ್ತಿದ್ದಾನೆ, ಅವಳೂ ರೀ ಅನ್ನುತ್ತಿದ್ದಾಳೆ. ಅದರ ಮುಂದೆ ಅವನು ಅವಳ ಕಂಪಾಸು ಪೆಟ್ಟಿಗೆಯನ್ನು ಚಾಚಿ ಹಿಡಿದಿದ್ದಾನೆ. "ತಗೋರಿ, ಇದು ನಿಮ್ದು."

ಸರ್ ಓದು ನಿಲ್ಲಿಸಿ ಕನ್ನಡಕ ತೆಗೆದರು.

"ನೋಡ್ರಿ ಬಾಯಿ. ಇಷ್ಟು ದಿನಾ ನೀ ಅಂದವ ಈಗ ರೀ ಅಂತಾನ. ಸಾಮಾನು ವಾಪಸ್ ಕೊಟ್ಟ. ಕೈ ಬಿಟ್ಟ."

"ಹೌದ್ರಿ ಸರ್" ಅಂದರು ಶಾಂತಾಬಾಯಿ.

ಉಳಿದ ಪುಟಗಳನ್ನು ಅವರು ಮೆತ್ತಗೆ ಓದಿದರು. ಕೊನೆಗೆ ಬಂದದ್ದು ಗೇಟು, ಟ್ರಂಕು, ಒಬ್ಬಳೇ ನಿಂತ ಪೂನಮ. "ನಾ ಮನಿಗಿ ಹೋಗ್ತೇನಿ. ಇಲ್ಲಿ ನಂದಂಬೋರು ಯಾರೂ ಇಲ್ಲ." ಕಾಶೀರಾಮ ಸರ್ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ. ಹುಡುಗಿಯರು ಪ್ರೇಮದ ಹಿಂದೆ ಬಿದ್ದರೆ ಏನಾಗುತ್ತದೆಂದು ನಲವತ್ತು ವರ್ಷ ತಾವು ಬಾಯಿ ನೋಯಿಸಿಕೊಂಡು ಹೇಳಿದ್ದನ್ನು ನಾವು ಹದಿನಾಲ್ಕು ಪುಟದಲ್ಲಿ ತೋರಿಸಿದ್ದೇವಂತೆ. ಬರುವ ತಿಂಗಳ ಪಾಲಕರ ಸಭೆಯಲ್ಲಿ ಇದನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿ ಗೋಡೆಗೆ ಹಚ್ಚಬೇಕು, ಮಾತು ಬರೆದವಳೇ ಎಲ್ಲರೆದುರು ಓದಬೇಕು ಅಂದರು. ಕೆಳಗೆ ಹಾಕಲು ಒಂದು ವಾಕ್ಯವನ್ನೂ ಬರೆದುಕೊಟ್ಟರು: ಓದುವ ವಯಸ್ಸಿನಲ್ಲಿ ಪ್ರೇಮವೇ ಪತನ.

ನಾನು ಬರೆದದ್ದೇ ಮಾತು, ಒಂದಕ್ಷರವೂ ಬದಲಾಗಿಲ್ಲ. ಆ ಕಡೆಯಿಂದ ಓದಿದರೆ ಇಬ್ಬರು ಸೇರುತ್ತಾರೆ, ಈ ಕಡೆಯಿಂದ ಓದಿದರೆ ಅಗಲುತ್ತಾರೆ. ಇದಕ್ಕೆ ಹೆದರಬೇಕೋ ಬೆರಗಾಗಬೇಕೋ ಗೊತ್ತಾಗುತ್ತಿಲ್ಲ.

ಆಗಸ್ಟ್ 25, ರವಿವಾರ

ಬೆಳಿಗ್ಗೆ ಶಾಂತಾಬಾಯಿ ರೆಕಾರ್ಡು ವಾಪಸ್ ಕೊಡಲು ಕರೆದರು. ಅಕ್ಕಿ ಆರಿಸುತ್ತ ಕೂತಿದ್ದರು. ರೆಕಾರ್ಡನ್ನು ಹಿಂದಿನ ರಟ್ಟಿನಿಂದ ತೆರೆದು, ಬೆರಳನ್ನು ಬಲಗಡೆಯ ಚೌಕದ ಮೇಲಿಟ್ಟು, ಹಾಗೇ ಎಡಕ್ಕೆ ಎಳೆಯುತ್ತ ಹೋದರು.

"ನಾ ಏಳನೇತ್ತ ತನಕ ಉರ್ದು ಸಾಲಿಗಿ ಹೋದಾಕಿ" ಅಂದರು. "ಅಲಿಫ್ ಬೇ ಕಲ್ತ ಕಣ್ಣಿಗಿ ಯಾವ ಕಡಿ ಮೊದ್ಲು ಅಂತ ತಿಳಿಯಲ್ಲೇನು? ನಿಮ್ಮ ಮಾಳಿಗಿ ಕಾರಭಾರ ಜುಲೈದಿಂದ ಗೊತ್ತದ. ಒಂಬತ್ನೇ ಪುಟ ಛಲೋ ಆಗ್ಯಾದ."

ಅಕ್ಕಿಯೊಳಗಿನ ಒಂದು ಕಲ್ಲು ಆರಿಸಿ ಬಿಸಾಡಿದರು.

"ಹೋದ ವರ್ಷ ಆ ಪೋರೀನ ಬಸ್ಸಿಗಿ ಹತ್ತಿಸಿದಾಕಿ ನಾನೇ. ಮತ್ತೊಬ್ಬಾಕಿನ ಹತ್ತಿಸಾಕ ನಂಗ ಆಗಲ್ಲ. ಇನ್ನ ಸುಮ್ಮ ಇರ್ರಿ. ಸರ್ ಹೇಳ್ದಂಗ ಓದಿ ಮುಗಸ್ರಿ."

ಈ ಹೆಂಗಸನ್ನು ನಾನು ಎರಡು ತಿಂಗಳು ಬರೀ ಬಾಯಿ ಎಂದುಕೊಂಡಿದ್ದೆ.

ಸೆಪ್ಟೆಂಬರ್ 8, ರವಿವಾರ

ಅನುಗ್ರಹ ಹದಿನೈದು ದಿನದಿಂದ ಪೆನ್ಸಿಲ್ ಮುಟ್ಟಿಲ್ಲ. ಮಾಳಿಗೆಗೆ ಕರೆದರೆ ಬರುತ್ತಾಳೆ, ಟ್ಯಾಂಕಿಗೆ ಒರಗಿ ಕಣ್ಣು ಮುಚ್ಚಿ ಕೂಡುತ್ತಾಳೆ. ನೋಡುವವಳು ನೋಡುವುದನ್ನೇ ಬಿಟ್ಟಿದ್ದಾಳೆ.

ನಿನ್ನೆ ಚಿದ್ರಿಯ ಮುಬಶ್ಶೀರ ಚಾಚಾರ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿದೆವು. ಅವರು ಯಂತ್ರದ ಮುಂದೆ ನಿಂತು ಹಾಳೆಗಳನ್ನು ತಾವಾಗಿಯೇ ಬಲಗಡೆಯಿಂದ ಓದಿಕೊಂಡರು. "ಖುಷಿ ಆತು ಬೇಟಿ, ಆಖರಿಗಿ ಇಬ್ರೂ ಸಿಕ್ರು" ಅಂದರು. ಸರಿಯಾದ ಕಡೆಯಿಂದಲೇ ನಂಬರೂ ಹಾಕಿದರು. ನಾನು ಅಳಿಸಿ ಉಲ್ಟಾ ಹಾಕಿಸಿದೆ. ಯಾಕೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ?

ಬರುವಾಗ ದಾರಿಯಲ್ಲಿ ಜಗಳವಾಯಿತು.

"ಉಲ್ಟಾ ಓದಿದ್ರ ಅದು ನಂದಲ್ಲ" ಅಂದಳು.

"ಸೀಟು ಹೋದ್ರ ಏನ ಮಾಡ್ತಿ? ನಿಮ್ಮ ಮಮ್ಮಿ ಏನಂತಾರ?"

"ಅದಕ್ಕೇ ನಾ ಸುಮ್ನಿದೀನಿ. ನೀ ಓದು."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆತ್ತಗೆ ಹೇಳಿದಳು.

ಸೆಪ್ಟೆಂಬರ್ 15, ರವಿವಾರ

ಇವತ್ತು ಪಾಲಕರ ಸಭೆ.

ಅಪ್ಪನಿಗೆ ಉದ್ದಿನ ರಾಶಿಯ ಕೆಲಸ, ಅವ್ವ ಒಬ್ಬಳೇ ಬಂದಿದ್ದಳು. ನನ್ನ ಅವ್ವ ಭಾಗೀರಥಿಬಾಯಿ ಔರಾದ ಬಿಟ್ಟು ಒಬ್ಬಳೇ ಬಸ್ಸು ಹತ್ತಿದ್ದು ಇದೇ ಮೊದಲು. ಬಸ್ಸಿನ ಬೋರ್ಡು ಓದಲು ಬರುವುದಿಲ್ಲ, ಕೇಳಿ ಕೇಳಿ ಬಂದಿದ್ದಾಳೆ. ನಮ್ಮ ಸಮಾಜದ ಕಾರ್ಯಕ್ರಮಗಳಿಗೆ ಎಲ್ಲ ಹೆಂಗಸರೂ ಉಡುವಂಥ ಬಿಳಿ ಸೀರೆ ಉಟ್ಟು ಮೊದಲ ಸಾಲಿನಲ್ಲೇ ಕೂತಳು. ಅನುಗ್ರಹಳ ತಾಯಿಗೆ ರಜೆ ಸಿಗಲಿಲ್ಲ. ಅನುಗ್ರಹ ಅವ್ವನ ಪಕ್ಕದಲ್ಲಿ ತಲೆ ಬಗ್ಗಿಸಿಕೊಂಡು ಕೂತಳು.

ಗೋಡೆಯ ಉದ್ದಕ್ಕೂ ಹದಿನಾಲ್ಕು ಹಾಳೆ ಹಚ್ಚಿತ್ತು. ಎಲ್ಲಕ್ಕಿಂತ ಎಡಕ್ಕೆ ಕೋಟೆ, ಎಲ್ಲಕ್ಕಿಂತ ಬಲಕ್ಕೆ ಗೇಟು, ಗೇಟಿನ ಕೆಳಗೆ ಪ್ರೇಮವೇ ಪತನ. ಅಷ್ಟು ದೊಡ್ಡದಾಗಿ ನಾನೂ ನೋಡಿರಲಿಲ್ಲ. ಜನ ಒಳಗೆ ಬಂದವರು ಕುರ್ಚಿ ಹುಡುಕುವುದನ್ನು ಬಿಟ್ಟು ಗೋಡೆ ನೋಡುತ್ತ ನಿಂತರು. ಒಬ್ಬ ಅಜ್ಜ ಪೂನಮಳ ಕಣ್ಣಿನ ನೀರನ್ನು ಬೆರಳಿನಿಂದ ಮುಟ್ಟಿ ನೋಡಿದ.

ಕಾಶೀರಾಮ ಸರ್ ಕರೆದರು. ಕೋಟೆಯಿಂದ ಶುರು ಮಾಡಿದೆ. ಒಂದೊಂದು ಹಾಳೆಯ ಮುಂದೆ ನಿಂತು, ಮಾತು ಓದಿ, ಬಲಕ್ಕೆ ಸರಿದೆ. ನನ್ನ ಬಾಯಲ್ಲಿ ನೀ ಹೋಗಿ ರೀ ಬಂತು. "ತಗೋರಿ, ಇದು ನಿಮ್ದು" ಅಂದಾಗ ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು. ಚೆನ್ನಾಗಿ ಓದುತ್ತಿದ್ದೇನೆ ಅನ್ನಿಸಿತು, ಅದು ನನಗೆ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಕೊನೆಯ ಹಾಳೆಗೆ ಬಂದೆ. ಬಾಯಿ ತೆರೆದೆ.

ಎದುರಿಗೆ ಅವ್ವ, ಅವಳ ಪಕ್ಕದಲ್ಲಿ ಅನುಗ್ರಹ. ಅನುಗ್ರಹಳ ಮುಂದೆ ನಿಂತು ಇಲ್ಲಿ ನಂದಂಬೋರು ಯಾರೂ ಇಲ್ಲ ಎಂದು ಹೇಗೆ ಹೇಳಲಿ? ಸರ್ "ಓದಮ್ಮ" ಅಂದರು. ಶಾಂತಾಬಾಯಿ ಕಣ್ಣಿನಲ್ಲೇ ಓದು ಅಂದರು.

"ಇದು ಆಖರಿ ಪುಟ ಅಲ್ರಿ" ಅಂದೆ. "ಇದು ಮೊದ್ಲನೇದು."

ಆಮೇಲೆ ಕಾಲು ತಾನಾಗಿಯೇ ನಡೆಯಿತು. ಗೇಟಿನಿಂದ ಎಡಕ್ಕೆ ತಿರುಗಿ ನಡೆದೆ. ಮನೆಗೆ ಹೋಗುತ್ತೇನೆ ಎಂದ ಹುಡುಗಿಗೆ ಒಬ್ಬ ಪೆಟ್ಟಿಗೆ ತಂದುಕೊಟ್ಟ. ಬಸ್ ಹೋತೇನ್ರಿ ಎಂದು ಕೇಳಿದ. ಒಂಬತ್ತನೇ ಪುಟಕ್ಕೆ ಬರುವಾಗ ಹಿಂದಿನ ಸಾಲಿನ ಹುಡುಗಿಯರು ನನಗಿಂತ ಮೊದಲೇ "ನೀ ಉಂಡೀ?" ಅಂದರು. ರೆಕಾರ್ಡು ಯಾವಾಗಲೋ ಎಲ್ಲ ಕೋಣೆಗಳಿ‌ಗೂ ಹೋಗಿಬಂದಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಕೋಟೆಗೆ ಬಂದು "ಬರ್ತೇನಿ" ಅಂದು ನಿಂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅನುಗ್ರಹ ಮಾತ್ರ ತಲೆ ಎತ್ತಿ, ಎಷ್ಟೋ ದಿನಗಳ ಮೇಲೆ, ನನ್ನನ್ನು ಎವೆಯಿಕ್ಕದೆ ನೋಡುತ್ತಿದ್ದಳು.

ಕಾಶೀರಾಮ ಸರ್ ಎದ್ದರು. ಕೂಗಾಡಲಿಲ್ಲ.

"ಬಾಯಿ, ನಿಮಗ ಗೊತ್ತಿತ್ತೇನು?"

"ಗೊತ್ತಿತ್ರಿ ಸರ್" ಅಂದರು ಶಾಂತಾಬಾಯಿ. "ನಿಮಗ ಉಲ್ಟಾ ತೆಗ್ದು ಕೊಟ್ಟಾಕಿ ನಾನೇ. ನಂಗೇನು ಮಾಡ್ತೀರಿ ಮಾಡ್ರಿ."

ಸರ್ ಮೇಜಿನ ಮೇಲಿನ ವಹಿ ತೆರೆದರು. ನಿಯಮ ನಿಯಮವೇ, ಹುಡುಗಿಯರ ಜವಾಬ್ದಾರಿ ತಮ್ಮದು ಎಂದು ಪಾಲಕರು ಇವತ್ತೇ ಇಲ್ಲಿ ಸಹಿ ಮಾಡಬೇಕು, ಇಲ್ಲದಿದ್ದರೆ ಟ್ರಂಕು ಕಟ್ಟಬೇಕು ಅಂದರು. ಅವ್ವನ ಕಡೆ ತಿರುಗಿದರು. "ನೋಡಿದ್ರಲ್ಲಾ ತಾಯಿ, ನಿಮ್ಮ ಮಗಳು ಏನ ಬರ್ದಾಳ?"

ಅವ್ವ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಔರಾದಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ಜೊತೆ ಮಾತಾಡುವಾಗಲೂ ನನ್ನನ್ನು ಮುಂದೆ ಮಾಡುವ ನನ್ನ ಅವ್ವ.

"ನಂಗ ಓದಾಕ ಬರಲ್ರಿ ಸರ್. ಚಿತ್ರ ನೋಡ್ದೆ. ಅದು ನಮ್ಮ ಕರುಣಾ ಅದಾಳ. ಈ ಕಡಿಂದ ನೋಡಿದ್ರ ನಮ್ಮ ಪೋರಿ ಅಳಕೋತ ಹೋಗ್ತಾಳ. ಆ ಕಡಿಂದ ನೋಡಿದ್ರ ನಕ್ಕೋತ ಬರ್ತಾಳ. ನಾ ಆ ಕಡಿಂದೇ ನೋಡ್ತೇನ್ರಿ."

ನಾನು ಗೋಡೆಯ ಕಡೆ ತಿರುಗಿದೆ. ಆ ಎರಡು ಜಡೆ, ಆ ಗದ್ದ, ಅಳು ತಡೆದುಕೊಳ್ಳುವಾಗ ಕೆಳತುಟಿ ಕಚ್ಚುವ ಆ ರೀತಿ. ಗೋಡೆಯ ತುಂಬ ನಾನೇ ಇದ್ದೆ. ಒಂದೂವರೆ ತಿಂಗಳು ಪೂನಮಳ ಬಾಯಿಗೆ ಮಾತು ಬರೆದವಳು ನಾನು, ಗುರುತು ಹಿಡಿದವಳು ಅಕ್ಷರ ಬಾರದ ಅವ್ವ.

ಸರ್ ವಹಿಯನ್ನು ಅವಳ ಮುಂದೆ ತಿರುಗಿಸಿದರು. "ನಿಮ್ಮ ಮಗಳದ್ದು ಆತು. ಈ ಅನುಗ್ರಹಂದು? ಇಕಿ ಪಾಲಕರು ಬಂದಿಲ್ಲ."

"ನಾ ಬಂದೀನಲ್ರಿ."

"ನೀವು ಇಕಿಗಿ ಏನಾಗಬೇಕು?"

"ಅಳಕೋತ ಬಂದ ಪೋರಿನ ನಗಸ್ಯಾಳ್ರಿ. ಮತ್ತೇನ ಆಗಬೇಕು?"

ಕಾಶೀರಾಮ ಸರ್ ಶಾಯಿಯ ಡಬ್ಬಿಯನ್ನು ತೆರೆದು ಅವಳ ಕಡೆ ಸರಿಸಿದರು. ಅವ್ವ ನನ್ನ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದಳು. ಮತ್ತೆ ಶಾಯಿ ಹಚ್ಚಿಕೊಂಡು, ಅನುಗ್ರಹಳ ಹೆಸರು ಯಾವುದೆಂದು ನನ್ನನ್ನು ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ. ಅಲ್ಲೂ ಒತ್ತಿದಳು.